ವೈನಿಯ ಗಾಡಿಯ ಬಿಸಿ

ಮೊನ್ನೆ ಕಿತ್ತೂರಿನ ಹತ್ತಿರ ಹೆದ್ದಾರಿಯ ಬದಿಗೆ ಒಂದು ಕಾರು ಬಾನೆಟ್ ತೆರೆದುಕೊಂಡು ನಿಂತಿತ್ತು. ಒಳಗಿನಿಂದ ಬಿಳಿ ಹಬೆ ಏಳುತ್ತಿತ್ತು. ನಮ್ಮವರು ವೇಗ ಇಳಿಸಿದರು, ನಾನು ಕಿಟಕಿಯ ಗಾಜು ಇಳಿಸಿದೆ. ಆಗ ಆ ವಾಸನೆ ಒಳಗೆ ಬಂತು. ಸಿಹಿ ವಾಸನೆ, ತಳ ಹತ್ತಿದ ಜೋನಿಬೆಲ್ಲದಂಥದು. ಆದರೆ ಬೆಲ್ಲದ ಹಾಗೆ ಬಾಯಲ್ಲಿ ನೀರೂರಿಸುವುದಿಲ್ಲ, ಗಂಟಲ ಹಿಂದೆ ಹೋಗಿ ಅಂಟಿಕೊಳ್ಳುತ್ತದೆ. ಎಂಜಿನ್ ತಣ್ಣಗಿರಲೆಂದು ಹಾಕುವ ಹಸಿರು ಕೂಲಂಟ್ ಕುದಿದು ಉಕ್ಕಿದಾಗ ಬರುವ ವಾಸನೆ ಅದು. ಮನೆ, ಅಡುಗೆ ಅಂತ ಇರುವ ನನ್ನಂಥವಳಿಗೆ ಇದೆಲ್ಲ ಗೊತ್ತಿರಬೇಕಾದ್ದಿಲ್ಲ. ಪಕ್ಕದ ಮನೆಯ ವೈನಿಯಿಂದಾಗಿ ಗೊತ್ತು...

"ಯಾಕ, ಮಾರಿ ಹಿಂಗ್ಯಾಕಾತು?" ಎಂದರು ನಮ್ಮವರು.

"ಏನಿಲ್ರೀ, ಹೊಗಿ," ಎಂದೆ.

ಬೈಲಹೊಂಗಲದಲ್ಲಿ ನಮ್ಮ ಮನೆಗೂ ವೈನಿಯ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಅವರ ಗಂಡನನ್ನು ನಾನು ಅಣ್ಣ ಅನ್ನುತ್ತಿದ್ದೆ, ಹಾಗಾಗಿ ಅವರು ವೈನಿ. ಲಾರಿ ಮಾಲೀಕರ ಮಗಳು, ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದಿದವರು. ಹಣೆಗೆ ವಿಭೂತಿ, ಕೈತುಂಬ ಹಸಿರು ಬಳೆ, ಉಗುರಿನ ಸಂದಿಯಲ್ಲಿ ಯಾವಾಗಲೂ ಕರಿ ಎಣ್ಣೆಯ ಗೆರೆ. ಅವರ ಕೆಂಪು ಕಾರು ಹೊರಗಿನಿಂದ ನೋಡಿದರೆ ಎಲ್ಲರ ಕಾರಿನ ಹಾಗೇ ಇತ್ತು. ಒಳಗೆ ಮಾತ್ರ ಮೊದಲಿದ್ದುದು ಏನೂ ಉಳಿದಿರಲಿಲ್ಲ. ದೊಡ್ಡ ಟರ್ಬೊ ಕೂಡಿಸಿ, ಕಂಪನಿ ಕೊಟ್ಟ ತಾಕತ್ತನ್ನು ಎರಡು ಪಟ್ಟು ಮಾಡಿದ್ದರು. ಭಾರ ಕಡಿಮೆಯಾಗಲೆಂದು ಹಿಂದಿನ ಸೀಟನ್ನೇ ಕಿತ್ತು ಹಾಕಿದ್ದರು. ವಿಮಾನ ಇಳಿಯುತ್ತಿದ್ದ ಹಳೆಯ ರನ್‌ವೇಯೊಂದರ ಮೇಲೆ ಇಂಥ ಗಾಡಿಗಳ ಓಟ ಇತ್ತು, ಅದಕ್ಕೆ ಈ ತಯಾರಿ. ಮಕ್ಕಳು ದೊಡ್ಡವರಾಗುವ ತನಕ ಕಾದು, ಆಮೇಲೆ ವರ್ಷಗಟ್ಟಲೆ ಒಂದೊಂದೇ ಸಾಮಾನು ಕೂಡಿಸಿ ಕಟ್ಟಿದ ಎಂಜಿನ್ ಅದು.

ಗೋಡೆಯ ಆಚೆಯಿಂದಲೇ ನನಗೆ ಪಾಠ ನಡೆಯುತ್ತಿತ್ತು. "ಹೊರಗ ಹೋಗೂ ಹೊಗಿ ಒಂದು ಚಕ್ರಾ ತಿರುವತೈತಿ. ಆ ಚಕ್ರಾ ಎಂಜಿನ್ನಿಗೆ ಗಾಳಿ ಒತ್ತಿ ತುರುಕತೈತಿ. ಒತ್ತಿದಷ್ಟೂ ಗಾಳಿ ಕಾಯ್ತೈತಿ ತಂಗಿ. ಸೈಕಲ್ಲಿಗೆ ಪಂಪ್ ಹೊಡದಾಗ ಪಂಪಿನ ಬುಡಾ ಬಿಸಿ ಆಗೂದಿಲ್ಲೇನ? ತಾಕತ್ ಯಾರ್ ಬೇಕಾದ್ರೂ ಹೆಚ್ಚಸ್ತಾರ. ಬಿಸಿ ಎಲ್ಲಿಗೆ ಕಳಸೂದು ಅನ್ನೂದ ಖರೇ ಕೆಲಸ."

ಅದಕ್ಕೇ ಮುಂಭಾಗದ ಬಾಯಿಯನ್ನು ಅಗಲ ಮಾಡಿದ್ದರು. ಅದರ ಹಿಂದೆ ಗಾಳಿ ತಣಿಸುವ ಇಂಟರ್‌ಕೂಲರ್, ಅದರ ಹಿಂದೆ ಎಂಜಿನ್ನಿನ ನೀರು ತಣಿಸುವ ರೇಡಿಯೇಟರ್, ನಡುವೆ ಎರಡು ಬೆರಳಿನ ಸಂದಿ. ಎಲ್ಲಿಂದಾದರೂ ಜೋರಾಗಿ ಓಡಿಸಿಕೊಂಡು ಬಂದರೆ ಗಾಡಿಯನ್ನು ತಟ್ಟನೆ ಬಂದ್ ಮಾಡುತ್ತಿರಲಿಲ್ಲ. ಹಾಗೆ ಮಾಡಿದರೆ ಟರ್ಬೊದೊಳಗಿನ ಎಣ್ಣೆ, ಬಾಣಲೆಯ ತಳಕ್ಕೆ ಹತ್ತಿದ ಹಾಗೆ ಕರಕಾಗುತ್ತದಂತೆ. ಎಂಜಿನ್ ಗುರುಗುಡುತ್ತಿರಲು ಬಿಟ್ಟು, ಸೀಟಿನಲ್ಲೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಅವರ ಅತ್ತೆ ಕಟ್ಟೆಯ ಮೇಲಿಂದ ಕೂಗುತ್ತಿದ್ದರು, "ನೋಡ್ರೆವಾ, ಮನಿ ಮುಂದ ಬಂದ್ರೂ ಇಳಿಯಾಕ ಒಲ್ಲಳು. ಅಕಿಗೆ ಗಾಡೀನ ತವರಮನಿ!"

ಅತ್ತೆಗೆ ಸೊಸೆಯ ಮೇಲೆ ಸಿಟ್ಟಿರಲಿಲ್ಲ, ಬಾಯಿಯಷ್ಟೇ ಹಾಗೆ. ಹೊಸ ಎಂಜಿನ್ ಕೂಡಿಸಿದ ಮೇಲೆ ಪೂಜೆ ಮಾಡಿದವರೂ ಅವರೇ. ಬೇಸಿಗೆಯ ಒಂದು ಬೆಳಿಗ್ಗೆ, ಓಟಕ್ಕೆ ವಾರವೂ ಉಳಿದಿರಲಿಲ್ಲ. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಗಾಡಿಯ ಆ ಅಗಲವಾದ ಬಾಯಿಗೆ ಅಡ್ಡಲಾಗಿ ತೋಳಿನಷ್ಟು ದಪ್ಪನೆಯ ಚೆಂಡು ಹೂವಿನ ಮಾಲೆ ಕಟ್ಟಿದರು. ಕಟ್ಟಿದ ಮಾಲೆಯನ್ನು ಅದೇ ದಿನ ಕಳಚಬಾರದು, ತಾನಾಗಿ ಉದುರಬೇಕು ಅನ್ನುವುದು ನಮ್ಮ ಕಡೆಯ ರೂಢಿ. ವೈನಿ ಮಾಲೆ ನೋಡಿದರು, ಅತ್ತೆಯ ಮುಖ ನೋಡಿದರು. ನನಗೆ ಮಾತ್ರ ಮೆಲ್ಲಗೆ, "ಸಾವಕಾಶ ಹೋಗೋಣು ತಂಗಿ, ಏನಾಗೂದಿಲ್ಲ," ಎಂದರು. ನಾನು ಅಪ್ಪನನ್ನು ನೋಡಲು ರಾಮದುರ್ಗಕ್ಕೆ ಹೊರಟಿದ್ದೆ. ಅವರಿಗೂ ದೂರದ ದಾರಿಯಲ್ಲಿ ಎಂಜಿನ್ ಎಷ್ಟು ಕಾಯುತ್ತದೆ ಅಂತ ನೋಡಬೇಕಿತ್ತು.

ಹೋಗುವಾಗ ನಿಜಕ್ಕೂ ಏನೂ ಆಗಲಿಲ್ಲ. ಮುರಗೋಡ, ಯರಗಟ್ಟಿ ದಾಟಿ ಹಗುರಾಗಿ ಓಡಿಸಿದರು. ಗಾಜಿನ ಪಕ್ಕದಲ್ಲಿ ಕೂಡಿಸಿದ್ದ, ಎಂಜಿನ್ನಿನ ಬಿಸಿ ತೋರಿಸುವ ಮಾಪಕದ ಮುಳ್ಳು ನಡುವೆಯೇ ನಿಂತಿತ್ತು. ತವರುಮನೆ ಮುಟ್ಟುವ ಹೊತ್ತಿಗೆ ಮಾಲೆಯಲ್ಲಿ ಬರೀ ದಾರ ಉಳಿದಿತ್ತು. ಪಕಳೆಗಳು ದಾರಿಯಲ್ಲಿ ಉದುರಿದವು ಅಂದುಕೊಂಡೆವು. "ತಾನ ಉದುರಿತಲ್ಲ, ಅತ್ಯಾರ ಮಾತ್ ಉಳೀತು," ಅಂತ ವೈನಿ ನಗುತ್ತ ದಾರ ಬಿಚ್ಚಿ ಬೇಲಿಗೆ ಹಾಕಿದರು.

ಊಟ ಮುಗಿದಿತ್ತು. ಅಪ್ಪ ಕೈ ತೊಳೆಯಲು ಎದ್ದವರು ಗೋಡೆಗೆ ಆತುಕೊಂಡರು. ಮಜ್ಜಿಗೆಯ ತಂಬಿಗೆ ಉರುಳಿದ ಸದ್ದು ಕೇಳಿ ತಿರುಗಿದೆ. ಬಾಯಿಯ ಒಂದು ಬದಿ ಕೆಳಗೆ ಜಗ್ಗಿತ್ತು, ಬಲಗೈ ಜೋಲುತ್ತಿತ್ತು. ಓಣಿಯ ಡಾಕ್ಟರು ಬಂದು ನೋಡಿದ ಕೂಡಲೇ ಹೇಳಿಬಿಟ್ಟರು. "ಲಕ್ವಾ ಹೊಡದೈತ್ರೀ. ಇಲ್ಲಿ ಆಗೂದಲ್ಲ. ಧಾರವಾಡಕ್ಕ ಒಯ್ರಿ, ಎಷ್ಟ್ ಲಗೂ ಮುಟ್ಟತೀರಿ ಅದರ ಮ್ಯಾಲ ಐತಿ." ಆಂಬುಲೆನ್ಸ್ ಬೇರೆ ರೋಗಿಯನ್ನು ಕರೆದುಕೊಂಡು ಹೋಗಿತ್ತು, ತಿರುಗಿ ಬರುವ ಹೊತ್ತು ಯಾರಿಗೂ ಗೊತ್ತಿರಲಿಲ್ಲ.

ನಾನು ವೈನಿಯ ಮುಖ ನೋಡಲಿಲ್ಲ. ನೋಡುವಷ್ಟರಲ್ಲಿ ಅವರು ಗಾದಿ ಸುರುಳಿ ಸುತ್ತಿಕೊಂಡು ಗಾಡಿಗೆ ಹೋಗಿದ್ದರು. ಸೀಟಿಲ್ಲದ ಆ ಹಿಂಭಾಗದಲ್ಲಿ ಗಾದಿ ಹಾಸಿ ಅಪ್ಪನನ್ನು ಮಲಗಿಸಿದೆವು. ಅವರ ತಲೆ ನನ್ನ ತೊಡೆಯ ಮೇಲೆ.

ಊರು ದಾಟಿದ್ದೇ ತಡ, ಗಾಡಿ ಎದೆಗೆ ಒದ್ದ ಹಾಗೆ ಮುಂದೆ ನುಗ್ಗಿತು. ಟರ್ಬೊದ ಸಿಳ್ಳು ಕಿವಿ ತುಂಬಿತು. ಜಾಲಿ ಗಿಡಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಹಿಂದೆ ಸರಿಯುತ್ತಿದ್ದವು. ನಾನು ಅಪ್ಪನ ಉಸಿರು ಎಣಿಸುವ ಬದಲು ಆ ಮುಳ್ಳನ್ನೇ ನೋಡುತ್ತಿದ್ದೆ, ಯಾಕೆಂದರೆ ವೈನಿಯೂ ಅದನ್ನೇ ನೋಡುತ್ತಿದ್ದರು. ಅದು ನಡು ಬಿಟ್ಟಿತ್ತು. ಏರುತ್ತಿತ್ತು...

"ಯಾಕ್ರೀ ವೈನಿ?"

"ಗಾಳಿ ತಗೋಳವಲ್ದು," ಎಂದರು. "ಯಾಕ ತಗೋಳವಲ್ದು?" ಈ ಎರಡನೆಯದು ನನಗಲ್ಲ, ಗಾಡಿಗೆ.

ಮುನವಳ್ಳಿಯ ಈಚೆಗೆ ರಸ್ತೆ ಬದಿಯ ಮನೆಯೊಂದರ ಮುಂದೆ ನಿಲ್ಲಿಸಿದರು. ಎಂಜಿನ್ ಬಂದ್ ಮಾಡಲಿಲ್ಲ. ಬಾನೆಟ್ ಎತ್ತಿ, ಬಗ್ಗಿ, ಒಳಗೆ ಇಣುಕಿದವರು ಹಾಗೇ ನಿಂತುಬಿಟ್ಟರು. ನಾನು ಅಪ್ಪನ ತಲೆಯ ಕೆಳಗೆ ಗಾದಿಯ ತುದಿ ಮಡಚಿ ಇಟ್ಟು ಇಳಿದು ಹೋಗಿ ನೋಡಿದೆ. ಇಂಟರ್‌ಕೂಲರಿಗೂ ರೇಡಿಯೇಟರಿಗೂ ನಡುವಿನ ಆ ಸಂದಿಯಲ್ಲಿ ಚೆಂಡು ಹೂವಿನ ಪಕಳೆ ಒತ್ತೊತ್ತಾಗಿ ತುಂಬಿತ್ತು. ಬೆಳಿಗ್ಗೆ ಉದುರಿದ್ದೆಲ್ಲ ದಾರಿಗೆ ಬಿದ್ದಿರಲಿಲ್ಲ, ಒಳಗೆ ಸೇರಿತ್ತು. ಬಿಸಿಗೆ ಬೆಂದು ಪಲ್ಯದ ಹಾಗೆ ಮೆತ್ತಿಕೊಂಡಿತ್ತು.

ಮನೆಯ ಮುಂದೆ ಕುಳಿತಿದ್ದ ಅಜ್ಜ ಎದ್ದು ಬಂದ. "ಇದೇನ್ರೆವಾ, ಗಾಡಿ ಒಳಗ ಹೂವಿನ ಅಂಗಡಿ ಇಟ್ಟೀರಿ?" ಎಂದ. ಹಿಂದೆ ಮಲಗಿದ್ದ ಅಪ್ಪನನ್ನು ಕಂಡದ್ದೇ ಅವನ ನಗೆ ಇಂಗಿತು. "ಏ ಗೌರೀ, ನೀರ್ ತಾ ಲಗೂನ!" ಅಂತ ಒಳಗೆ ಕೂಗಿ, ತಾನೇ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ.

"ಮುಟ್ಟಬ್ಯಾಡ್ರೀ ಅಜ್ಜಾರ!" ವೈನಿ ಅವನ ಮಣಿಕಟ್ಟು ಹಿಡಿದು ಎಳೆದರು. ಬಳೆ ಒಡೆಯಿತು. "ಒಳಗಿನ ನೀರು ಮಾರೀಗೆ ಹಾರತೈತ್ರೀ."

ಬೆರಳು ಆ ಸಂದಿಯ ತಳದವರೆಗೆ ಹೋಗುತ್ತಿರಲಿಲ್ಲ. ನನ್ನ ಪರ್ಸಿನಲ್ಲಿ ಕ್ರೋಶಾದ ಸೂಜಿ ಇತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಹೆಣಿಕೆ, ಪ್ರಯಾಣದಲ್ಲಿ ಕೈ ಸುಮ್ಮನಿರಬಾರದು ಅಂತ ಯಾವಾಗಲೂ ಜೊತೆಗಿಟ್ಟುಕೊಳ್ಳುತ್ತೇನೆ. ತೆಗೆದು ಕೊಟ್ಟೆ. ವೈನಿ ಅದರ ಕೊಕ್ಕೆಯಿಂದ ಪಕಳೆಯ ಮುದ್ದೆಯನ್ನು ಎಳೆದೆಳೆದು ತೆಗೆದರು. ಮನೆಯ ಹೆಣ್ಣುಮಗಳು ಕೊಡ ಕೊಡ ನೀರು ತಂದು ಸುರಿದಳು. ನಮ್ಮ ಬಾಟಲಿಗಳೂ ಖಾಲಿಯಾದವು. ಮುಳ್ಳು ಒಂದಿಷ್ಟು ಇಳಿಯಿತು. ಒಳಗಿನ ಅರ್ಧ ಹಾಗೇ ಇತ್ತು. ಪೂರ್ತಿ ತೆಗೆಯಬೇಕೆಂದರೆ ಮುಂಭಾಗವನ್ನೇ ಬಿಚ್ಚಬೇಕು. ಪೂರ್ತಿ ತಣ್ಣಗಾಗುವ ತನಕ ನಿಂತರೆ ಗಾಡಿ ಉಳಿಯುತ್ತದೆ...

ಅಪ್ಪ ಗೊರಗೊರ ಅನ್ನತೊಡಗಿದ್ದರು. ವೈನಿ ಆ ಸದ್ದಿನ ಕಡೆ ಒಮ್ಮೆ ಕಿವಿಗೊಟ್ಟು ಬಾನೆಟ್ ಮುಚ್ಚಿದರು.

"ತಂಗಿ, ಹೀಟರ್ ಹಚ್ಚತೇನಿ. ಎಂಜಿನ್ನಿನ ಬಿಸಿ ಒಂದಿಷ್ಟು ನಮ್ಮ ಕಡೆ ಬರತೈತಿ, ತಡಕೋಬೇಕು. ಅಪ್ಪಾರ ಮಾರಿ ಕಿಟಕಿ ಕಡೆ ಹೊಳ್ಳಸು."

ಬೇಸಿಗೆಯ ನಡುಮಧ್ಯಾಹ್ನ, ಹೀಟರ್ ಪೂರ್ತಿ ತಿರುವಿದ ಕಾರು. ನವಿಲುತೀರ್ಥದ ನೀರು ಕಿಟಕಿಯಲ್ಲಿ ಹೊಳೆದು ಹೋಯಿತು, ಅದರ ತಂಪು ಒಳಗೆ ಬರಲಿಲ್ಲ. ನಾನು ಸೆರಗಿನಿಂದ ಅಪ್ಪನಿಗೆ ಗಾಳಿ ಹಾಕುತ್ತಿದ್ದೆ, ಬೀಸಿದ ಗಾಳಿಯೂ ಬಿಸಿಯೇ. ಕಾಲ ಕೆಳಗಿನ ಬರಿಯ ತಗಡು ಕಾದು ಹೆಂಚಾಗಿತ್ತು. ವೈನಿಯ ಬೆನ್ನಿನ ರವಿಕೆ ತೊಯ್ದು ಬಣ್ಣ ಬದಲಾಗಿದ್ದನ್ನೂ, ಕಿವಿಯ ಬೆಂಡೋಲೆಯ ತುದಿಯಿಂದ ಬೆವರು ತೊಟ್ಟಿಕ್ಕುತ್ತಿದ್ದುದನ್ನೂ ಹಿಂದಿನಿಂದ ನೋಡುತ್ತಿದ್ದೆ. ಸವದತ್ತಿಯ ತನಕ ಸಿಳ್ಳು ಏಳದ ಹಾಗೆ, ಟರ್ಬೊ ಎಚ್ಚರಾಗದ ಹಾಗೆ ಓಡಿಸಿದರು. ಮುಳ್ಳು ಕೆಂಪು ಪಟ್ಟಿಯ ಅಂಚಿನಲ್ಲಿ ನಡುಗುತ್ತ ನಿಂತಿತ್ತು.

ಸವದತ್ತಿ ದಾಟಿದ ಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಹ್ಯಾಂಗದಾರ?"

"ಕಣ್ಣ ತಗಿವಲ್ರು ವೈನಿ... ಕೂಗಿದ್ರ ಓ ಅನವಲ್ರು."

ಅವರು ಮಾಪಕದ ಕಡೆ ಕೊನೆಯ ಸಲ ನೋಡಿದರು. ಕೊರಳಿಗೆ ಸುತ್ತಿದ್ದ ಕರವಸ್ತ್ರ ಬಿಚ್ಚಿ, ಮುಳ್ಳು ಕಾಣದ ಹಾಗೆ ಆ ಮಾಪಕವನ್ನೇ ಮುಚ್ಚಿಬಿಟ್ಟರು. ಆಮೇಲೆ ಸಿಳ್ಳು ಎದ್ದಿತು. ಧಾರವಾಡದ ತನಕ ಇಳಿಯಲಿಲ್ಲ.

ಆಸ್ಪತ್ರೆಯ ಬಾಗಿಲಿಗೆ ಬಂದಾಗ ಗಾಡಿಯ ಮುಂದೆಲ್ಲ ಹಬೆ, ಆ ಸಿಹಿ ವಾಸನೆ. ವೈನಿ ಬಂದ್ ಮಾಡುವ ಮೊದಲೇ ಎಂಜಿನ್ ಒಳಗೆ ಏನೋ ಕಚ್ಚಿಕೊಂಡ ಹಾಗೆ ಸದ್ದಾಗಿ ತಾನೇ ನಿಂತಿತು. ಅಪ್ಪನನ್ನು ಒಳಗೆ ಒಯ್ದರು. ನಾನೂ ಓಡಿದೆ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಾಗ ವೈನಿ ಬಿಸಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು. ಸುಡುತ್ತಿದ್ದಿರಬೇಕು, ತೆಗೆಯಲಿಲ್ಲ.

ಅಪ್ಪ ಉಳಿದರು. ಎಂಜಿನ್ ಉಳಿಯಲಿಲ್ಲ. ಮೇಲಿನ ಭಾಗ ಸೊಟ್ಟಗಾಗಿ, ಕೆಳಗಿನದು ಸೀಳಿತ್ತಂತೆ. ಓಟದ ದಿನ ವೈನಿ ಮನೆಯಲ್ಲೇ ಇದ್ದರು, ಹಪ್ಪಳಕ್ಕೆ ಹಿಟ್ಟು ನಾದುತ್ತಿದ್ದರು. ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು, "ವರ್ಷಾನಗಟ್ಟಲೆ ಕಟ್ಟಿದ್ಲು, ಒಂದ ದಿನದಾಗ ಸುಟ್ಲು ನೋಡ್ರಿ. ನನ್ನ ಪೂಜಿ ಇತ್ತಂತ ಇಕಿ ಅಪ್ಪಾರಾದ್ರೂ ಉಳದ್ರು." ನನಗೆ ತಡೆಯಲಾಗದೆ ಬಾಯಿ ತೆರೆದೆ. ವೈನಿ ಹಿಟ್ಟಿನ ಕೈಯಲ್ಲೇ ನನ್ನ ಮೊಣಕೈ ಒತ್ತಿದರು. "ಪೈಪ್ ಒಡದಿತ್ರೀ ಅತ್ಯಾರ," ಎಂದರು. "ನಾ ಸರಿ ಬಿಗದಿರಲಿಲ್ಲ."

ಒಳಗೆ ಹೋದ ಮೇಲೆ ಸಿಟ್ಟಿನಿಂದ ಕೇಳಿದೆ, ಯಾಕ್ರೀ ಹಿಂಗ ಹೇಳಿದ್ರಿ ಅಂತ. "ಹಿಂದಿನ ದಿನಾ ಹಗಲೆಲ್ಲ ಕುಂತ ಪೋಣಿಸ್ಯಾರ ತಂಗಿ ಆ ಮಾಲಿ," ಅಂದರು, ಅಷ್ಟೇ. ಅತ್ತೆ ಸಾಯುವ ತನಕ ಮಾಲೆಯ ಆ ಮಾತು ಗೋಡೆಯ ಈಚೆಗೂ ಆಚೆಗೂ ದಾಟಲಿಲ್ಲ. ಹೊಸ ಎಂಜಿನ್ ಕಟ್ಟುತ್ತೇನೆ ಎನ್ನುತ್ತಿದ್ದರು ವೈನಿ. ಮೊದಮೊದಲು ಸಾಮಾನಿನ ಮಾತಾಡುತ್ತಿದ್ದರು, ಆಮೇಲಾಮೇಲೆ ಅದೂ ನಿಂತಿತು... ಹೋದ ವರ್ಷ ನಾನು ಮಗಳ ಬಾಣಂತನಕ್ಕೆ ಹೋಗಿದ್ದಾಗ ಅವರಿಗೆ ಜ್ವರ ಬಂದು, ಏರಿ, ಇಳಿಯದೆ ಹೋಯಿತು. ನಾನು ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು.

ಅಪ್ಪ ಇನ್ನೂ ರಾಮದುರ್ಗದಲ್ಲಿದ್ದಾರೆ. ಮಾತು ತೊದಲು, ಅರ್ಧ ಸಂಗತಿ ಮರೆತುಹೋಗಿದೆ, ನನ್ನ ಹೆಸರು ಕೂಡ ಕೆಲವು ದಿನ ನೆನಪಿಗೆ ಹತ್ತುವುದಿಲ್ಲ. ಆದರೆ ಹೋದಾಗೆಲ್ಲ ಎಡಗೈಯಿಂದ ನನ್ನ ಸೆರಗು ಹಿಡಿದು ಒಂದು ಮಾತು ಕೇಳುತ್ತಾರೆ. ಮೊದಲ ಸಲ ನನಗೆ ತಿಳಿಯಲಿಲ್ಲ.

"ಆ ಹುಡಗಿ... ನೀರ ಕುಡದಳೇನ?"

ಆ ದಿನವನ್ನು ಎಷ್ಟೋ ಸಲ ತಿರುವಿ ಹಾಕಿ ನೋಡಿದ್ದೇನೆ. ಕೊಡಗಳು, ಬಾಟಲಿಗಳು, ಎಲ್ಲ ನೀರೂ ಆ ಗಾಡಿಯ ಬಾಯಿಗೇ ಹೋಯಿತು. ಹನಿಯಾದರೂ ವೈನಿಯ ತುಟಿಗೆ ಹೋದದ್ದು ನನಗೆ ಎಲ್ಲಿಯೂ ಕಾಣಿಸುವುದಿಲ್ಲ. ನಾನು ನೋಡದ್ದನ್ನು, ಕಣ್ಣು ತೆರೆಯಲಾರದೆ ಮಲಗಿದ್ದರು ಅಂದುಕೊಂಡ ಆ ಮನುಷ್ಯ ನೋಡಿದ್ದರು.

ಮೊನ್ನೆ ಕಿತ್ತೂರಿನಿಂದ ಬಂದವಳು ಮರುದಿನವೇ ರಾಮದುರ್ಗಕ್ಕೆ ಹೋದೆ. ಮತ್ತೆ ಅದನ್ನೇ ಕೇಳಿದರು. ವೈನಿ ಇಲ್ಲ ಅಂತ ಅವರಿಗೆ ನಾನಿನ್ನೂ ಹೇಳಿಲ್ಲ.

"ಕುಡದಾರಪ್ಪ," ಎಂದೆ.

"ಇನ್ನೊಂದೀಟು ಕೊಡು," ಎಂದರು. "ಬಿಸಲಾಗ ಬಂದಾಳ."

ನಾನು ಎದ್ದು ಅಡುಗೆಮನೆಗೆ ಹೋದೆ. ಒಬ್ಬರಿಗೆ ನೀರು ಕೊಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅಲ್ಲಿ ನಿಂತು ಬಂದೆ.