ತಾಂಗ್ ಶುಯಿಗೆನ್‌ನ ಲೆಕ್ಕವಿಲ್ಲದ ಸಾವುಗಳು

ಸಾಯುವುದರಲ್ಲಿ ತಾಂಗ್ ಶುಯಿಗೆನ್ ಎತ್ತಿದ ಕೈ. ಚೀನಾದ ಹೆಂಗ್‌ದಿಯಾನ್‌ನಲ್ಲಿ ಸಿನಿಮಾದವರು ಸುಳ್ಳು ಅರಮನೆಗಳನ್ನು ಕಟ್ಟಿಸುತ್ತಿದ್ದ ಕಾಲಕ್ಕೆ ಕಲ್ಲು ಹೊರಲು ಬಂದವನು, ಕಟ್ಟಡ ಮುಗಿದು ಕ್ಯಾಮೆರಾ ಬಂದ ಮೇಲೂ ಊರಿಗೆ ಹೋಗದೆ ಅಲ್ಲೇ ಉಳಿದುಬಿಟ್ಟ. ತಾನೇ ಬೆನ್ನ ಮೇಲೆ ಹೊತ್ತು ತಂದ ಮೆಟ್ಟಿಲುಗಳ ಮೇಲೆ ಬಾಣ ತಗುಲಿ ಬಿದ್ದ, ವಿಷ ಕುಡಿದು ಬಿದ್ದ, ಯಾವುದೋ ರಾಜಕುಮಾರನ ಕತ್ತಿಗೆ ಸುಮ್ಮನೆ ಅಡ್ಡ ಹೋಗಿ ಬಿದ್ದ. ಗುಂಪಿನಲ್ಲಿ ನಿಲ್ಲುವ ಉಳಿದವರು ಹೆಣವಾಗಿ ಮಲಗಿದರೂ ರೆಪ್ಪೆ ಅದುರಿಸುತ್ತಿದ್ದರು, ಮೂಗು ತುರಿಸಿಕೊಳ್ಳುತ್ತಿದ್ದರು. ಶುಯಿಗೆನ್‌ನ ತುಟಿಯ ಮೇಲೆ ಇರುವೆ ಹರಿದರೂ ಅವನು ಹೆಣವೇ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಹೆಣದ ತಾಂಗ್ ಆದ.

ಆ ಊರಿನಲ್ಲಿ ಒಂದು ಪದ್ಧತಿಯುಂಟು. ಕ್ಯಾಮೆರಾದ ಮುಂದೆ ಸತ್ತವನಿಗೆ ಅದೇ ದಿನ ಚಿತ್ರ ತೆಗೆಯುವವರು ಕೆಂಪು ಲಕೋಟೆ ಕೊಡಬೇಕು. ಒಳಗಿರುವುದು ಪುಡಿಗಾಸು, ಅದು ಮುಖ್ಯವಲ್ಲ. ಲಕೋಟೆ ಕೈಗೆ ಬಂದ ಮೇಲೆ ಸತ್ತವನು ಎದ್ದು ಬಂದು, ತನ್ನನ್ನು ಕೊಂದ ಅದೇ ಕ್ಯಾಮೆರಾದ ಕಣ್ಣಿಗೆ ಹಲ್ಲು ಕಾಣುವಂತೆ ನಗಬೇಕು. ಆಗ ಆಡಿದ ಸಾವು ಅಲ್ಲಿಗೇ ಮುಗಿಯಿತು, ಬೆನ್ನು ಹತ್ತಿ ಮನೆಗೆ ಬರುವುದಿಲ್ಲ. ದೊಡ್ಡ ನಟರೂ ಇದನ್ನು ತಪ್ಪಿಸುವುದಿಲ್ಲ. ಹೊರಗೆ ಮೂಢನಂಬಿಕೆ ಎಂದು ಮೂಗು ಮುರಿಯುವವರು ಮೊದಲು ಕೈ ಚಾಚುತ್ತಾರೆ.

ಶುಯಿಗೆನ್‌ಗಿಂತ ಅವನ ಹೆಂಡತಿ ಆಯ್‌ಝೆನ್ ಈ ವಿಷಯದಲ್ಲಿ ಕಟ್ಟುನಿಟ್ಟು. ಚಿತ್ರೀಕರಣದ ಜಾಗಗಳಿಗೆ ಊಟದ ಡಬ್ಬಿ ಕಳಿಸುವ ದೊಡ್ಡ ಅಡುಗೆಮನೆಯಲ್ಲಿ ಅವಳಿಗೆ ಕೆಲಸ. ಗಂಡ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು, “ಇವತ್ತು ಸತ್ತೆಯಾ? ನಕ್ಕೆಯಾ?” ಎರಡಕ್ಕೂ ಹೌದು ಎಂದ ಮೇಲೆ ಬಾಗಿಲಿನಿಂದ ಸರಿಯುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಇದ್ದುದು ಒಬ್ಬರಿಗೊಬ್ಬರು.

ಆಮೇಲೆ ‘ಕಪ್ಪಾಮೆ ಕೋಟೆ’ ಬಂತು. ಅದು ಮೊದಲು ಫೋನಿನಲ್ಲಿ ಆಡುವ ಆಟ. ಬೆಟ್ಟದಷ್ಟು ದೊಡ್ಡ ಆಮೆಯೊಂದು ನಡೆದು ಹೋಗುತ್ತದೆ, ಅದರ ಬೆನ್ನ ಮೇಲೆ ಕೋಟೆ, ಕೋಟೆಗಾಗಿ ಮಾಯಾವಿಗಳ ಜಗಳ. ಬಸ್ಸಿನಲ್ಲಿ, ಕಕ್ಕಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೂತವರೆಲ್ಲ ಅದನ್ನೇ ಒತ್ತುತ್ತಿದ್ದರು. ಈಗ ಅದನ್ನು ಸಿನಿಮಾ ಮಾಡುತ್ತಾರಂತೆ ಎಂದಾಗ ಹೆಂಗ್‌ದಿಯಾನ್‌ನವರು ಆಸೆಯಿಂದ ಕಾದರು. ಆದರೆ ಈ ಚಿತ್ರಕ್ಕೆ ಅರಮನೆ ಬೇಕಿರಲಿಲ್ಲ, ಮೆಟ್ಟಿಲು ಬೇಕಿರಲಿಲ್ಲ. ಹಸಿರು ಬಟ್ಟೆ ಕಟ್ಟಿದ ಒಂದು ಗೋಡೌನು ಸಾಕಾಗಿತ್ತು. ಉಳಿದದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ನಿರ್ದೇಶಕನಿಗೆ ಒಂದೇ ಹಟ. ಆಟದಲ್ಲಿ ಸೈನಿಕರು ಬೊಂಬೆಗಳ ಹಾಗಿದ್ದರು, ಸಿನಿಮಾದಲ್ಲಿ ಒಬ್ಬೊಬ್ಬನ ಕುರುಚಲು ಗಡ್ಡವೂ ಕಾಣಬೇಕು. ಅದಕ್ಕೆ ನಿಜವಾದ ಮುಖಗಳನ್ನು ಅಳೆದುಕೊಳ್ಳುತ್ತಾರೆ ಎಂದು ಗುಂಪು ಕರೆತರುವ ಮೇಸ್ತ್ರಿ ಪಾಂಗ್ ಬಂದು ಹೇಳಿದ.

ಶುಯಿಗೆನ್ ಹೋದ. ಸುತ್ತಲೂ ಕ್ಯಾಮೆರಾ ಜೋಡಿಸಿದ ಒಂದು ಗುಂಡು ಕೋಣೆಯಲ್ಲಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿದರು. ಯೂ ಎಂಬ ಹುಡುಗಿ ಅವನ ಮುಖದಲ್ಲಿ ಕೋಪ ತರಿಸಿದಳು, ಹೆದರಿಕೆ ತರಿಸಿದಳು, ಕೂಗಿಸಿದಳು.

“ಈಗ ಕಣ್ಣು ಮುಚ್ಚಿ ಚಿಕ್ಕಪ್ಪ. ದವಡೆ ಸಡಿಲ ಬಿಡಿ. ಏನೂ ಯೋಚ್ನೆ ಮಾಡ್ಬೇಡಿ.”

“ಏನಮ್ಮಾ, ಸಾಯ್ಬೇಕಾ?”

“ಅಯ್ಯೋ, ಇಲ್ಲಪ್ಪ! ಮುಖ ಖಾಲಿ ಇರ್ಬೇಕು, ಅಷ್ಟೆ.”

ಮುಖ ಖಾಲಿ ಮಾಡುವುದು ಅವನಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಮಾಡಿದ. ದೀಪಗಳು ಫಳಫಳ ಹೊಳೆದವು. ಕಣ್ಣು ಬಿಟ್ಟವನೇ ಅಭ್ಯಾಸಬಲದಿಂದ ಎದುರಿಗಿದ್ದ ಕ್ಯಾಮೆರಾದ ಕಡೆ ಹಲ್ಲು ಕಿರಿದ.

“ನಗ್ಬೇಡಿ ಚಿಕ್ಕಪ್ಪ, ನಗ್ಬೇಡಿ! ಅಳತೆ ಕೆಟ್ಟೋಗತ್ತೆ, ಮತ್ತೆ ಮೊದ್ಲಿಂದ ಮಾಡ್ಬೇಕು.”

ಅವನು ನಗುವನ್ನು ನುಂಗಿಕೊಂಡ. ಬಾಗಿಲಲ್ಲಿ ನಿಂತಿದ್ದ ಪಾಂಗ್ ತಮಾಷೆಗೆ, “ಏನಣ್ಣ, ಲಕೋಟೆ ಕೇಳ್ಲಾ?” ಎಂದ. ಶುಯಿಗೆನ್‌ಗೆ ಕಸುಬಿನ ಅಭಿಮಾನ ಕೆರಳಿತು. “ನೆಲಕ್ಕೆ ಬೀಳ್ದೆ ಎಂಥಾ ಲಕೋಟೆ ಮಾರಾಯ? ಸಾಯ್ದೆ ಇಸ್ಕೊಂಡ್ರೆ ಅದು ಕಳ್ಳತನ” ಎಂದುಬಿಟ್ಟ. ಅಂದು ಬಾಗಿಲಲ್ಲಿ ಆಯ್‌ಝೆನ್ ಕೇಳಿದಾಗ, “ಇವತ್ತು ಸಾಯ್ಲಿಲ್ಲ ಕಣೇ, ಬರೀ ಕೂತಿದ್ದೆ” ಎಂದ. ಅವಳು ಸರಿದು ದಾರಿ ಬಿಟ್ಟಳು. ಅವನು ಮಾಡಿದ ತಪ್ಪು ಅಷ್ಟೇ. ಅದನ್ನು ತಪ್ಪೆನ್ನಲು ನನಗಂತೂ ಬಾಯಿ ಬರುವುದಿಲ್ಲ.

ಮುಂದಿನ ಚಳಿಗಾಲದಲ್ಲಿ ಶುಯಿಗೆನ್‌ಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಪಾದ ಊದಿತು. ಹಾಂಗ್‌ಝೌ ನಗರದ ಆಸ್ಪತ್ರೆಯಲ್ಲಿ ನೋಡಿ, ಹೃದಯದ ಕವಾಟ ಕೆಟ್ಟಿದೆ, ಎದೆ ಬಿಚ್ಚಬೇಕು, ಹೊಸ ವರ್ಷದ ಹಬ್ಬ ಕಳೆದ ಕೂಡಲೇ ಬನ್ನಿ, ತಡ ಮಾಡಿದರೆ ನಾವು ಜವಾಬ್ದಾರರಲ್ಲ ಎಂದರು. ಮನೆಯವರ ಸಹಿಯಿಲ್ಲದೆ ಅವರು ಚಾಕು ಮುಟ್ಟುವುದಿಲ್ಲ. ಮನೆಯವರೆಂದರೆ ಆಯ್‌ಝೆನ್ ಒಬ್ಬಳೇ. “ಹಾಕ್ತೀನಿ ಬಿಡು, ಕೈ ಇಲ್ವಾ ನಂಗೆ” ಎಂದು ಅವಳು ಧೈರ್ಯ ಹೇಳಿದ್ದಳು.

ಹಬ್ಬಕ್ಕೆಂದು ‘ಕಪ್ಪಾಮೆ ಕೋಟೆ’ ತೆರೆಗೆ ಬಂತು. ಅದರ ಒಂದು ತುಣುಕನ್ನು ಅಡುಗೆಮನೆಯಲ್ಲಿ ಸೊಪ್ಪು ಹೆಚ್ಚುತ್ತಿದ್ದ ಆಯ್‌ಝೆನ್‌ಗೆ ಜೊತೆಯವಳೊಬ್ಬಳು ಫೋನಿನಲ್ಲಿ ತೋರಿಸಿದಳು. “ಅತ್ತಿಗೇ, ಬಾ ಇಲ್ಲಿ! ನಿನ್ ಗಂಡ ಫಿಲಂ ಸ್ಟಾರ್ ಆಗ್ಬಿಟ್ಟ!”

ಆಮೆ ಕಾಲೆತ್ತಿ ಇಡುತ್ತದೆ. ಕಾಲಡಿಯಲ್ಲಿ ಕಣ್ಣು ಹಾಯುವಷ್ಟು ದೂರ ಸುಟ್ಟ ಬಯಲು, ಬಯಲ ತುಂಬ ಹೆಣ. ಕ್ಯಾಮೆರಾ ಹದ್ದಿನ ಹಾಗೆ ಕೆಳಗಿಳಿಯುತ್ತದೆ. ಒಂದು ಹೆಣಕ್ಕೆ ಗಡ್ಡ, ಒಂದಕ್ಕೆ ಗಾಯ, ಒಂದಕ್ಕೆ ನರೆಗೂದಲು, ಮುಖ ಮಾತ್ರ ಎಲ್ಲಕ್ಕೂ ಒಂದೇ. ಸಡಿಲ ಬಿಟ್ಟ ದವಡೆ, ಮುಚ್ಚಿದ ಕಣ್ಣು, ತಾಂಗ್ ಶುಯಿಗೆನ್. ನೋಡಿದವರು “ಏನು ಕೆಲ್ಸ ಮಾಡಿದಾರಪ್ಪ, ನಿಜವಾದ ಹೆಣಾನೇ!” ಎಂದು ಬೆರಗಾದರು. ಆಯ್‌ಝೆನ್ ಚಾಕು ಕೆಳಗಿಟ್ಟು ನೇರ ಮನೆಗೆ ಬಂದಳು.

“ಅವತ್ತು ಸಾಯ್ಲಿಲ್ಲ ಅಂದೆಯಲ್ಲೋ ಮುದುಕ!”

“ಅವ್ರು ಹಾಗೆ ಹೇಳಿದ್ರು ಕಣೇ.”

“ನಕ್ಕೆಯಾ?”

“ಬಿಡ್ಲಿಲ್ಲ.”

ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. “ಒಂದ್ಸಲ ಸತ್ರೆ ಒಂದು ಲಕೋಟೆ. ಊರಿಗೂರೇ ಸತ್ತಿದೀಯ, ಒಂದೂ ಇಲ್ಲ. ಇಂಥಾ ಮೈಯನ್ನ ಆ ಡಾಕ್ಟ್ರ ಮೇಜಿನ ಮೇಲೆ ಮಲಗ್ಸು ಅಂತೀಯಾ? ಇದು ತೀರೋವರ್ಗೂ ನಾನು ಸಹಿ ಹಾಕಲ್ಲ. ಕತ್ತು ಹಿಸುಕಿದ್ರೂ ಹಾಕಲ್ಲ.”

ಶುಯಿಗೆನ್ ನಕ್ಕು ಹಾರಿಸಲು ನೋಡಿದ, ಆಗಲಿಲ್ಲ. ಅವನಿಗೂ ಭಯವಾಗಿತ್ತು. ಇಷ್ಟು ಕಾಲ ಒಂದೊಂದು ಸಾವನ್ನೂ ಅಂದಂದೇ ತೀರಿಸಿ ಬಂದವನು ಅವನು. ಬೆನ್ನ ಹಿಂದೆ ಒಂದು ಬಯಲು ತುಂಬ ಉಳಿದುಬಿಟ್ಟಿದೆ ಎಂದು ಈಗ ಗೊತ್ತಾಯಿತು.

ಪಾಂಗ್‌ನ ಬಳಿ ಹೋದ. ಪಾಂಗ್ ತಲೆ ಕೆರೆದುಕೊಂಡು ಹೇಳಿದ, “ಅಣ್ಣಾ, ಸಿನಿಮಾ ಮುಗೀತು, ಆ ಕಂಪ್ನೀನೂ ಮುಗೀತು. ಒಂದು ಪಿಚ್ಚರ್‌ಗೆ ಅಂತ ಹುಟ್ಟಿಸ್ತಾರೆ, ಆಮೇಲೆ ಬೋರ್ಡು ಕಿತ್ತಾಕ್ತಾರೆ. ಯಾರ ಹತ್ರ ಕೇಳ್ಲಿ?” ಮುಖ ಅಳೆದವರ ಕಚೇರಿ ಹಾಂಗ್‌ಝೌನಲ್ಲಿತ್ತು. ಗಂಡ ಹೆಂಡಿರಿಬ್ಬರೂ ಬಸ್ಸು ಹಿಡಿದು ಹೋದರು. ಒಳಗೆ ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಆ ಹುಡುಗಿ ಯೂ ಕೆಳಗಿಳಿದು ಬಂದಳು. ಗುರುತು ಹಿಡಿದಳು. ಹಿಡಿಯದೇನು, ಒಂದು ವರ್ಷ ಅದೇ ಮುಖವನ್ನು ದಿಟ್ಟಿಸುತ್ತ ಕೂತಿದ್ದವಳು.

“ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ ಚಿಕ್ಕಪ್ಪ. ಸೈನಿಕ್ರ ಸಾಲಲ್ಲಿ ಇರ್ತೀರಾ ಅಂದ್ಕೊಂಡಿದ್ದೆ. ಆ ಖಾಲಿ ಮುಖ ನಿರ್ದೇಶಕ್ರಿಗೆ ತುಂಬಾ ಹಿಡಿಸ್ಬಿಡ್ತು, ಎಲ್ಲಾ ಕಡೆ ಅದನ್ನೇ ಹಾಕಿ ಅಂದ್ರು.”

“ಆಯ್ತಮ್ಮ, ಹಾಕಿದ್ದು ಹಾಕಾಯ್ತು,” ಶುಯಿಗೆನ್ ಅಂಗಲಾಚಿದ. “ಆ ಕೋಣೇಲಿ ಒಂದ್ಸಲ ಕೂರಿಸು. ನಕ್ಕು ಹೋಗ್ಬಿಡ್ತೀನಿ. ಬೇರೆ ಏನೂ ಬೇಡ.”

“ಆ ಕೋಣೆ ಬಿಚ್ಚಾಕಿದಾರೆ. ನಿಮ್ಮ ಮುಖಾನೂ ಈಗ ನಮ್ಮ ಹತ್ರ ಇಲ್ಲ. ಸಿನಿಮಾ ಜೊತೆ ಅದೂ ಹೋಯ್ತು. ಆಟದವ್ರು ಇಸ್ಕೊಂಡಿದಾರೆ, ಮುಂದಿನ ಆಟದಲ್ಲೂ...” ಅವಳು ಅಲ್ಲಿಗೇ ತಡೆದಳು.

“ಮುಂದಿನ ಆಟದಲ್ಲೂ ಸಾಯ್ತಾನಾ?” ಆಯ್‌ಝೆನ್ ಕೇಳಿದಳು.

“ಆಡೋರು ಕೊಂದ್ರೆ ಸಾಯ್ತಾರೆ, ಚಿಕ್ಕಮ್ಮ. ಕೊಲ್ದೆ ಇದ್ರೆ ಇಲ್ಲ.”

ಹುಡುಗಿ ಪಕ್ಕದ ಅಂಗಡಿಗೆ ಓಡಿ ಒಂದು ಕೆಂಪು ಲಕೋಟೆ ತಂದು, ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ ಕೊಟ್ಟಳು. ಕಣ್ಣಲ್ಲಿ ನೀರಿತ್ತು. ಆಯ್‌ಝೆನ್ ಅವಳ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು. “ನೀನು ಒಳ್ಳೇವ್ಳು ಕಣಮ್ಮ. ಆದ್ರೆ ಇವನನ್ನ ಕೊಂದೋಳು ನೀನಲ್ವಲ್ಲ. ಕೊಂದೋರು ಯಾರು ಹೇಳು, ಅವ್ರ ಹತ್ರ ಇಸ್ಕೋತೀನಿ.” ಯೂ ಲಕೋಟೆಯನ್ನು ಹಿಡಿದುಕೊಂಡೇ ಮೇಲೆ ಹೋದಳು.

ಉಳಿದದ್ದು ಒಂದೇ ದಾರಿ ಎಂದು ಆಯ್‌ಝೆನ್ ತೀರ್ಮಾನಿಸಿದಳು. ಮರುದಿನ ಮಧ್ಯಾಹ್ನದ ಪ್ರದರ್ಶನಕ್ಕೆ ಗಂಡನನ್ನು ಥಿಯೇಟರಿಗೆ ಎಳೆದುಕೊಂಡು ಹೋದಳು. ಕ್ಯಾಮೆರಾ ಇಲ್ಲದಿದ್ದರೆ ಬೇಡ, ಪರದೆಗೇ ನಗಲಿ. ಚಿತ್ರ ಶುರುವಾಯಿತು. ಸುಳ್ಳೇಕೆ, ಶುಯಿಗೆನ್ ಬಂದ ಕೆಲಸವನ್ನೇ ಮರೆತ. ಮೋಡದೊಳಗಿಂದ ಆಮೆಯ ತಲೆ ಹೊರಬಂದಾಗ ಎಲ್ಲರ ಜೊತೆ ಅವನೂ ಬಾಯಿ ಬಿಟ್ಟ. ಬದುಕಿಡೀ ಅವನು ಸತ್ತಿದ್ದು ರಟ್ಟಿನ ಗೋಡೆಗಳ ನಡುವೆ. ಇದು ಅಂಥದ್ದಲ್ಲ, ಇಲ್ಲಿ ಬೆಂಕಿ ನದಿಯಾಗಿ ಹರಿಯುತ್ತಿತ್ತು. ಬಯಲು ಬಂದಾಗ ಒಂದು ಕ್ಷಣ, ನನ್ನ ಮುಖ ಎಂಥ ಕಡೆ ಹೋಗಿ ಸೇರಿತಪ್ಪಾ ಎಂದು ಹೆಮ್ಮೆಯೂ ಆಯಿತು.

“ನಗು” ಎಂದು ಆಯ್‌ಝೆನ್ ಪಕ್ಕೆಗೆ ತಿವಿದಳು.

ಅವನು ಎದ್ದು ನಿಂತು ನಕ್ಕ. ನಗುವಷ್ಟರಲ್ಲಿ ಆ ಹೆಣ ಹೋಗಿ ಬೇರೊಂದು ಬಂತು. ಅದಕ್ಕೆ ನಕ್ಕ. ಅದೂ ಹೋಯಿತು. ಒಂದರ ಹಿಂದೆ ಹತ್ತು ಬರುತ್ತಿದ್ದವು. ಅವನು ಜೋರಾಗಿ, ಬೇಗ ಬೇಗ ನಗತೊಡಗಿದ. ಹಿಂದಿನಿಂದ ಯಾರೋ ಕೂಗಿದರು, “ಯಾವನೋ ಅವ್ನು ಹುಚ್ಚ ಮುದುಕ? ಕೂತ್ಕೊಳೋ!”

“ಅಲ್ಲಿ ಬಿದ್ದಿರೋದು ಇವನೇ ಕಣ್ರೋ!” ಆಯ್‌ಝೆನ್ ಕಿರುಚಿದಳು.

ಒಬ್ಬ ಫೋನಿನ ಬೆಳಕು ಹಿಡಿದ. “ಲೋ, ಹೌದ್ರೋ! ಅದೇ ಮುಖ!” ಅಷ್ಟೇ ಸಾಕಾಯಿತು. ಬೈಯುತ್ತಿದ್ದವರೇ ಸಾಲು ದಾಟಿ ಬಂದು ಅವನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆದುಕೊಳ್ಳತೊಡಗಿದರು. “ತಾತಾ, ಒಂದ್ಸಲ ಸತ್ತು ತೋರಿಸು ತಾತಾ! ಕಣ್ಮುಚ್ಚು!” ಶುಯಿಗೆನ್‌ನ ಉಸಿರು ಸಿಕ್ಕಿಕೊಂಡಿತು. ತುಟಿ ನೀಲಿಯಾಯಿತು. ಅವನು ಸಾಲುಗಳ ನಡುವೆ ಕುಸಿದಾಗ ಹುಡುಗರು ಚಪ್ಪಾಳೆ ತಟ್ಟಿದರು. ಆಯ್‌ಝೆನ್ ಅವರನ್ನು ಗುದ್ದುತ್ತ, ಬೈಯುತ್ತ, ಅಳುತ್ತ ದಾರಿ ಮಾಡಿಕೊಂಡು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಪರದೆಯ ಮೇಲೆ ಬಯಲು ಇನ್ನೂ ಮುಗಿದಿರಲಿಲ್ಲ.

ಆಂಬುಲೆನ್ಸು ಅವನನ್ನು ನೇರ ಹಾಂಗ್‌ಝೌಗೆ ಒಯ್ದಿತು. ಬೆಳಿಗ್ಗೆ ಅವನು ಕಣ್ಣು ಬಿಟ್ಟಾಗ ಹಾಸಿಗೆಯ ಪಕ್ಕ ಶಸ್ತ್ರಚಿಕಿತ್ಸೆಯ ಡಾಕ್ಟರು ನಿಂತಿದ್ದರು. ಇನ್ನು ಕಾಯುವ ಹಾಗಿಲ್ಲ, ಈಗಲೇ ಒಳಗೆ ತೆಗೆದುಕೊಳ್ಳಬೇಕು ಎನ್ನುತ್ತಿದ್ದರು. ರಕ್ತಸ್ರಾವ ಆಗಬಹುದು, ಪಾರ್ಶ್ವವಾಯು ಹೊಡೆಯಬಹುದು, ಜೀವ ಹೋಗಬಹುದು ಎಂದು ಒಂದೇ ರಾಗದಲ್ಲಿ ಓದಿ ಹೇಳಿ ಆಯ್‌ಝೆನ್‌ಳ ಮುಂದೆ ಹಾಳೆ ಹಿಡಿದರು. ಶುಯಿಗೆನ್ ಏನಾದರೂ ಹೇಳೋಣವೆಂದುಕೊಂಡ. ಮೂಗಿನ ಮೇಲೆ ಕೊಳವೆಯಿತ್ತು, ಎದೆಯಲ್ಲಿ ಕಸುವಿರಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತ ಮಲಗಿದ. ಒಂದೇ ದಿನದಲ್ಲಿ ಅವಳು ಮುದುಕಿಯಾಗಿಬಿಟ್ಟಿದ್ದಳು.

ಅವಳು ಪೆನ್ನು ತೆಗೆದುಕೊಂಡಳು. “ಡಾಕ್ಟ್ರೇ, ನಂದು ಒಂದೇ ಮಾತು. ಎಲ್ಲಾ ಕಡೆ ಕೇಳ್ಕೊಂಡು ಬಂದೆ, ಇವನ ಸಾವಿಗೆ ನಾನು ಹೊಣೆ ಅಂತ ಹೇಳೋರು ಒಬ್ರೂ ಸಿಗ್ಲಿಲ್ಲ. ಒಳಗೆ ಇವನಿಗೆ ಏನಾದ್ರೂ ಆದ್ರೆ, ನೀವೇ ಹೊರಗೆ ಬಂದು ನನ್ನ ಮುಖ ನೋಡಿ ಹೇಳ್ತೀರಾ?”

ಡಾಕ್ಟರು ಅವಳ ಮಾತು ಪೂರ್ತಿ ಅರ್ಥವಾಗದಿದ್ದರೂ ತಲೆಯಾಡಿಸಿದರು. “ನಾನೇ ಬರ್ತೀನಿ ಅಮ್ಮ.” ಅಷ್ಟರಲ್ಲಿ ಅವರ ಫೋನು ಅದುರಿತು. ಅದನ್ನು ನೋಡುತ್ತ, “ನಂಗೆ ಆಗ್ಲಿಲ್ಲ ಅಂದ್ರೆ ನಮ್ಮೋರು ಯಾರಾದ್ರೂ ಬರ್ತಾರೆ” ಎಂದರು.

ಆಯ್‌ಝೆನ್‌ಳ ಪೆನ್ನು ನಿಂತಿತು. ಅವಳು ಗಂಡನ ಕಡೆ ತಿರುಗಿದಳು. ಪಕ್ಕದ ಹಾಸಿಗೆಯ ರೋಗಿಯ ಮಗ ತನ್ನ ಹಾಳೆ ಹಿಡಿದುಕೊಂಡು ಹಿಂದೆಯೇ ನಿಂತಿದ್ದ. “ಆಯ್ತಾ ಅಜ್ಜಿ? ಪೆನ್ನು ಒಂದೇ ಇರೋದು” ಎಂದ.

“ಯಾರಾದ್ರೂ” ಎಂದು ಅವಳು ತನಗೆ ತಾನೇ ಹೇಳಿಕೊಂಡು, ಹಾಳೆಯ ಮೇಲೆ ಬಗ್ಗಿ, ಸಹಿ ಹಾಕಿ, ಪೆನ್ನನ್ನು ಆ ಹುಡುಗನಿಗೆ ಕೊಟ್ಟಳು.