ಬೆಟ್ಟಮ್ಮನ ಹೊಸ ಹಲ್ಲು

ಬೆಟ್ಟಮ್ಮನ ಬಾಯಲ್ಲಿ ಹೊಸ ಹಲ್ಲು ಬಂದಿದ್ದನ್ನು ಮೊದಲು ಕಂಡವಳು ಸೊಸೆ ಸೋಮಮ್ಮ. ಯುಗಾದಿ ಕಳೆದು ಬಿಸಿಲು ಏರುತ್ತಿದ್ದ ಕಾಲ. ಅಕ್ಕಿಹೆಬ್ಬಾಳಿನ ಮನೆಯ ಜಗಲಿಯ ಮೇಲೆ ಅತ್ತೆಗೆ ಅನ್ನ ಕಿವುಚಿ ತಿನ್ನಿಸುತ್ತಿದ್ದಾಗ ಅವಳ ಬೆರಳಿಗೆ ಏನೋ ಚುಚ್ಚಿತು. ಕಲ್ಲಿರಬೇಕೆಂದು ಬಾಯಿ ತೆರೆಸಿ ನೋಡಿದರೆ, ಎಷ್ಟೋ ವರ್ಷದಿಂದ ಬರಿದಾಗಿದ್ದ ಒಸಡಿನಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗೆ ಒಂದು ಹಲ್ಲು.

"ಏನೇ ಸೋಮಿ, ಅಂಗ್ ನೋಡ್ತೀಯ?"

"ಹಲ್ಲು ಬಂದದೆ ಕಣತ್ತೆ."

ಮುದುಕಿ ನಾಲಿಗೆಯಿಂದ ಅದನ್ನು ತಡವಿ ನೋಡಿಕೊಂಡಳು. ನಗಲಿಲ್ಲ. "ಯಾರ್ಗೂ ಯೋಳ್ಬ್ಯಾಡ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಯಾಕೆಂದು ಸೋಮಮ್ಮ ಕೇಳಬೇಕಾಗಿರಲಿಲ್ಲ. ತೀರಾ ಮುಪ್ಪಿನಲ್ಲಿ ಬರುವ ಹಲ್ಲು ಮನೆಯವರ ಆಯಸ್ಸನ್ನು ತಿನ್ನುತ್ತದೆ ಎಂಬ ಮಾತು ಊರಲ್ಲಿ ಅವಳ ಕಿವಿಗೂ ಬಿದ್ದಿತ್ತು.

ಬೆಟ್ಟಮ್ಮನ ವಯಸ್ಸು ಸರಿಯಾಗಿ ಯಾರಿಗೂ ಗೊತ್ತಿಲ್ಲ. ಅವಳು ಹುಟ್ಟಿದ ಊರು ಕನ್ನಂಬಾಡಿ ಕಟ್ಟೆಯ ನೀರಿನಡಿ ಇದೆ. ನೀರು ಏರಿ ಬಂದಾಗ ಅವಳಿಗಿನ್ನೂ ಹಾಲುಹಲ್ಲು ಬೀಳುತ್ತಿತ್ತಂತೆ. ಅಪ್ಪ ಗಾಡಿಗೆ ಒನಕೆ, ಗುಡಾಣ, ಬಾಗಿಲ ಚೌಕಟ್ಟು ಎಲ್ಲ ಹೇರಿಕೊಂಡು ಪಾಂಡವಪುರದ ಕಡೆ ಹೊರಟರೆ, ಇವಳು ಕಂಕುಳಲ್ಲಿ ಒಂದು ಕೋಳಿ ಇರುಕಿಕೊಂಡು ಗಾಡಿಯ ಹಿಂದೆ ನಡೆದಿದ್ದಳು. ಹಾಗೆ ಲೆಕ್ಕ ಹಾಕಿದರೆ ನೂರು ದಾಟಿ ಆಗಲೇ ಕೆಲವು ವರ್ಷ. ಅಕ್ಕಿಹೆಬ್ಬಾಳಿನ ಚೌಡಯ್ಯನಿಗೆ ಹೆಂಡತಿಯಾಗಿ ಬಂದು, ಹೇಮಾವತಿಯ ದಡದ ಗದ್ದೆಯಲ್ಲಿ ನಾಟಿ ಹಾಕಿ, ಆಲೆಮನೆಯಲ್ಲಿ ಕೊಪ್ಪರಿಗೆಗೆ ಉರಿ ಹಾಕಿ ಮಕ್ಕಳನ್ನು ಸಾಕಿದಳು. ಹೆತ್ತವರಲ್ಲಿ ಅರ್ಧ ಮಕ್ಕಳು ಎಳೆತನದಲ್ಲೇ ಹೋದವು. ಉಳಿದವರೂ ಒಬ್ಬೊಬ್ಬರಾಗಿ, ತಮಗೆ ತಲೆ ನರೆತ ಮೇಲೆ, ಅವ್ವನ ಕಣ್ಣೆದುರೇ ಹೋದರು.

ಆ ಮನೆಯ ಎರಡು ಸಾವುಗಳನ್ನು ಊರು ಮರೆತಿರಲಿಲ್ಲ. ಸೋಮಮ್ಮ ಮದುವೆಯಾಗಿ ಬಂದ ವರ್ಷ ಬೆಟ್ಟಮ್ಮನಿಗೆ ಜ್ವರ ಬಂದು ಉಸಿರು ನಿಂತಂತಾಗಿ, ನೆಲಕ್ಕೆ ಇಳಿಸಿ ಬಾಯಿಗೆ ನೀರನ್ನೂ ಬಿಟ್ಟಿದ್ದರು. ನೆಂಟರಿಗೆ ಹೇಳಿಕಳಿಸುವ ಹೊತ್ತಿಗೆ ಮುದುಕಿ ಎದ್ದು ಕೂತು ಅಂಬಲಿ ಕೇಳಿದ್ದಳು. ಅದೇ ವಾರ ಎತ್ತು ತೊಳೆಯಲು ಹೊಳೆಗೆ ಹೋದ ಚೌಡಯ್ಯ ತಿರುಗಿ ಬರಲಿಲ್ಲ. ಮತ್ತೆ ಕೊರೋನಾ ಕಾಲದಲ್ಲಿ ಅವಳಿಗೆ ಕೆಮ್ಮು ಹತ್ತಿ, ಇನ್ನಿಲ್ಲ ಎಂದುಕೊಂಡವರ ಮುಂದೆ ಗಂಜಿ ಕುಡಿದು ಚೇತರಿಸಿಕೊಂಡಳು. ಆ ಸಲ ಹೋದವನು ಅವಳ ಕೊನೆಯ ಮಗ, ಸೋಮಮ್ಮನ ಗಂಡ ಶಿವಲಿಂಗಯ್ಯ. ಮೈಸೂರಿನ ಆಸ್ಪತ್ರೆಯಿಂದ ಅವನ ಹೆಣವೂ ಮನೆಗೆ ಬರಲಿಲ್ಲ.

ಅಂದಿನಿಂದ ಮುದುಕಿಯ ಮುಂದೆ ಹಾಯುವಾಗ ಬಸುರಿ ಹೆಂಗಸರು ಹೆಜ್ಜೆ ಜೋರು ಮಾಡುತ್ತಿದ್ದರು. ಈಗ ಆ ಮನೆಯಲ್ಲೇ ಒಬ್ಬ ಬಸುರಿ ಇದ್ದಳು. ಸೋಮಮ್ಮನ ಮಗ ಸಂತೋಷ್ ಡೈರಿಯ ಹಾಲಿನ ವ್ಯಾನು ಓಡಿಸುತ್ತಿದ್ದ. ಅವನ ಹೆಂಡತಿ ದಿವ್ಯಳಿಗೆ ಮೊದಲಿನದು ನಿಲ್ಲದೆ ಹೋಗಿ, ಇದು ಎರಡನೆಯದು.

ಹಲ್ಲಿನ ವಿಷಯ ಎಷ್ಟು ದಿನ ಮುಚ್ಚಿಟ್ಟಾರು? ಪಕ್ಕದ ಮನೆಯ ಚಿಕ್ಕಸ್ವಾಮಿ, ಶಿವಲಿಂಗಯ್ಯನ ಚಿಕ್ಕಪ್ಪನ ಮಗ, ಒಂದು ದಿನ ಮುದುಕಿ ಆಕಳಿಸುವುದನ್ನು ಕಂಡ. ನೇರ ಅಡುಗೆಮನೆ ಬಾಗಿಲಿಗೆ ಬಂದು ನಿಂತ.

"ಅತ್ಗೆ, ನಾನು ಕೆಟ್ಟೋನು ಅಂದ್ಕೊಂಡ್ರೂ ಸರಿ. ಆ ಹುಡ್ಗಿ ಹೆರೋವರ್ಗೂ ದೊಡ್ಡವ್ವನ್ನ ಗದ್ದೆ ತಾವ ಶೆಡ್ಡಲ್ಲಿ ಮಡಗಿ. ಫ್ಯಾನು ಅದೆ, ನೀರದೆ. ನಾವೇನ್ ಬೀದಿಗೆ ತಳ್ತಾ ಇದೀವಾ?"

"ಬಾಯಿ ಮುಚ್ಕಂಡ್ ಓಗಪ್ಪ" ಎಂದಳು ಸೋಮಮ್ಮ.

ಅವನೇನೋ ಹೋದ. ಆದರೆ ಒಳಗಿದ್ದ ದಿವ್ಯ ಕೇಳಿಸಿಕೊಂಡಿದ್ದಳು. ಅವಳು ಜಗಳವಾಡಲಿಲ್ಲ. ಸೋಮಮ್ಮನ ಪಕ್ಕ ಕೂತು ಸೊಪ್ಪು ಬಿಡಿಸುತ್ತಾ, "ನಾನೂ ಓದಿರೋಳೇ ಅತ್ತೆ, ಇದೆಲ್ಲ ಸುಳ್ಳು ಅಂತ ಗೊತ್ತು. ಆದ್ರೂ ಅಜ್ಜಿ ನನ್ನ ಹೊಟ್ಟೆ ನೋಡ್ದಾಗೆಲ್ಲ ಮೈ ನಡುಗ್ತದೆ" ಎಂದಳು. ಅವಳ ಕೈ ಸೊಪ್ಪನ್ನು ಕಸಕ್ಕೂ ಕಡ್ಡಿಯನ್ನು ಮೊರಕ್ಕೂ ಹಾಕುತ್ತಿತ್ತು.

ಸೋಮಮ್ಮ ಆ ಕೈಯನ್ನೇ ನೋಡಿದಳು. ಮರುದಿನ ಬೆಟ್ಟಮ್ಮನ ಹಾಸಿಗೆ ಸುತ್ತಿ ವ್ಯಾನಿಗೆ ಹಾಕಿಸಿದಳು. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಾಸಿಗೆಯ ಪಕ್ಕ ಕೂತಳು.

ಶೆಡ್ಡು ನಾಲೆಯ ಏರಿಯ ಕೆಳಗೆ, ಕಬ್ಬಿನ ನಡುವೆ ಇತ್ತು. ದಿನಕ್ಕೆರಡು ಹೊತ್ತು ಸೋಮಮ್ಮ ಬುತ್ತಿ ಹೊತ್ತು ನಡೆಯುತ್ತಿದ್ದಳು. ಏರಿ ಹತ್ತುವಾಗ ಅವಳಿಗೆ ಎದೆ ಹಿಡಿದಂತಾಗುತ್ತಿತ್ತು, ಎಡಗೈ ಜೋಮು ಹಿಡಿಯುತ್ತಿತ್ತು. ಸ್ವಲ್ಪ ನಿಂತರೆ ಸರಿಹೋಗುತ್ತಿತ್ತು. ಯಾರಿಗೂ ಹೇಳಲಿಲ್ಲ. ಡಬ್ಬಿಯೇನೋ ದಿನವೂ ಖಾಲಿಯಾಗುತ್ತಿತ್ತು. ಮುದುಕಿ ಮಾತ್ರ ಕಡ್ಡಿಯಾಗುತ್ತಾ ಬಂದಳು. ಶೆಡ್ಡಿನ ಸುತ್ತ ತಿರುಗುವ ಕೆಂದ ನಾಯಿಯ ಮೈ ಮಿರಿಮಿರಿ ಮಿಂಚತೊಡಗಿತು. ಒಂದು ಮಧ್ಯಾಹ್ನ ಸೋಮಮ್ಮ ಬುತ್ತಿ ಕೊಟ್ಟು ಹೋದವಳಂತೆ ಮಾಡಿ ಕಬ್ಬಿನ ಮರೆಯಲ್ಲಿ ನಿಂತಳು. ಮುದುಕಿ ಅಂಡಿನ ಮೇಲೇ ತೆವಳುತ್ತಾ ಬಾಗಿಲಿಗೆ ಬಂದು, ಅನ್ನವನ್ನೆಲ್ಲ ನಾಯಿಯ ಮುಂದೆ ಸುರಿದು, ಡಬ್ಬಿ ನೆಕ್ಕಿಸಿ ಒಳಗಿಟ್ಟುಕೊಂಡಳು.

"ಯಾಕತ್ತೆ ಇಂಗ್ ಮಾಡ್ತಾ ಇದೀಯ?" ಸೋಮಮ್ಮ ಓಡಿಬಂದಳು. ಉಸಿರು ಸಿಗಲಿಲ್ಲ.

ಬೆಟ್ಟಮ್ಮ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನಂತೆ ನೋಡಿದಳು. "ಉಣ್ದೆ ಇದ್ರೆ ಓಗ್ತೀನಿ ಅಂದ್ಕಂಡೆ ಕಣೆ. ಆ ಹೆಣ್ಣಿಗೆ ದಿನ ತುಂಬ್ತಾ ಬಂತಲ್ಲ. ಈ ಜೀವ ಅನ್ನೋದು ಕೇಳಾಕಿಲ್ಲ ನೋಡು."

"ನೀನ್ ಯಾರ್ನೂ ತಿಂದಿಲ್ಲ ಕಣತ್ತೆ."

"ನಂಗೇನ್ ಗೊತ್ತು? ತಿಂದಿದ್ರೂ ತಿಂದಿರ್ಬೋದು. ಅವರೆಲ್ಲ ಓದ್ರು, ನಾನ್ ಇವ್ನಿ."

ಸೋಮಮ್ಮ ಅಲ್ಲಿಂದಲೇ ಮಗನಿಗೆ ಫೋನು ಮಾಡಿದಳು. ಸಂಜೆಯೊಳಗೆ ಮುದುಕಿಯನ್ನು ಮನೆಗೆ ತಂದರು. ಕೆ.ಆರ್.ಪೇಟೆಯ ಹಲ್ಲಿನ ಡಾಕ್ಟರಿಗೂ ತೋರಿಸಿದರು. ಆಕೆ ನೋಡಿ, ಇದು ಹೊಸದಲ್ಲ, ಪ್ರಾಯದಿಂದಲೂ ಒಸಡಿನೊಳಗೆ ಉಳಿದಿದ್ದ ಹಲ್ಲು, ಒಸಡು ಸವೆದು ಈಗ ಕಾಣುತ್ತಿದೆ ಎಂದರು. ಸೋಮಮ್ಮ ಅದನ್ನು ಬೀದಿಯವರಿಗೆಲ್ಲ ಕೇಳುವ ಹಾಗೆ ಹೇಳಿದಳು. ಚಿಕ್ಕಸ್ವಾಮಿ ತಲೆ ಆಡಿಸಿದ, ಅಷ್ಟೆ.

ದಿವ್ಯಳಿಗೆ ಹೆಣ್ಣುಮಗು ಆಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಮನೆಗೆ ಬಂದ ದಿನ ದಿವ್ಯ ತಾನಾಗಿಯೇ ಮಗುವನ್ನು ಬೆಟ್ಟಮ್ಮನ ತೊಡೆಗೆ ಕೊಟ್ಟಳು. ಮುದುಕಿ ಮುಖ ಪಕ್ಕಕ್ಕೆ ತಿರುಗಿಸಿ, ಬಾಯಿ ಬಿಗಿಹಿಡಿದು ಎತ್ತಿಕೊಂಡಿದ್ದಳು. ತನ್ನ ಉಸಿರು ಅದಕ್ಕೆ ತಾಕಬಾರದೆಂದು.

ಬಾಣಂತಿತನದ ಕೆಲಸದ ನಡುವೆ ಸೋಮಮ್ಮ ಕೊಟ್ಟಿಗೆಯಲ್ಲಿ ಬಿದ್ದಳು. ಮೈಸೂರಿನ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಹೃದಯದ ನಾಳ ಕಟ್ಟಿದೆ, ಎದೆ ತೆರೆದೇ ಆಪರೇಷನ್ ಮಾಡಬೇಕು ಎಂದರು. ದಿನ ಗೊತ್ತುಮಾಡಿಕೊಂಡು ಮನೆಗೆ ಬಂದ ಸಂತೋಷ್ ಇದನ್ನು ಹೇಳುವಾಗ ಚಿಕ್ಕಸ್ವಾಮಿ ಬಾಗಿಲ ಬಳಿ ನಿಂತಿದ್ದ. ಬೆಟ್ಟಮ್ಮ ಮಲಗಿದ್ದ ಕೋಣೆಯ ಕಡೆ ಒಮ್ಮೆ ನೋಡಿದ. ಆ ನೋಟ ಎಲ್ಲರಿಗೂ ಅರ್ಥವಾಯಿತು.

ಹೊರಡುವ ಮುನ್ನ ಸೋಮಮ್ಮ ಅತ್ತೆಯ ಬಳಿ ಕೂತಳು. ಅವಳಿಗೆ ಸಾಯುವ ಭಯಕ್ಕಿಂತ ಬೇರೆಯ ಭಯ ದೊಡ್ಡದಾಗಿತ್ತು. ತಾನು ಸತ್ತರೆ ಈ ಮುದುಕಿಯನ್ನು ಯಾರು ಹೇಗೆ ನೋಡುತ್ತಾರೆ?

"ನಾನ್ ಬರೋವರ್ಗೂ ಉಣ್ಬೇಕು. ಆಣೆ ಮಾಡು."

ಬೆಟ್ಟಮ್ಮ ಸೊಸೆಯ ಗಲ್ಲ ಸವರಿದಳು. "ನೀನ್ ಗಟ್ಟಿಯಾಗ್ ಬಾ ಕಣವ್ವ" ಎಂದಳು. ಆಣೆ ಮಾಡಲಿಲ್ಲ.

ಆಸ್ಪತ್ರೆ ಸೇರಿ ಹತ್ತು ದಿನಕ್ಕೆ ಆಪರೇಷನ್ ಆಯಿತು. ಸೋಮಮ್ಮನಿಗೆ ಎಚ್ಚರವಾಗಿ, ಮಾತು ಬಂದು, ಊಟ ಸೇರತೊಡಗಿತು. ಅತ್ತೆ ಹೇಗಿದ್ದಾಳೆಂದು ಕೇಳಿದಾಗಲೆಲ್ಲ ಸಂತೋಷ್ "ಅವ್ರೆ, ಅವ್ರೆ" ಎನ್ನುತ್ತಿದ್ದ. ಊರಿಗೆ ಕರೆತರುವ ದಿನ ಕಾರು ಶ್ರೀರಂಗಪಟ್ಟಣ ದಾಟುವಾಗ, ಕಾವೇರಿಯ ಸೇತುವೆಯ ಮೇಲೆ, ಅವನು ರಸ್ತೆಯಿಂದ ಕಣ್ಣು ಕೀಳದೆ ಹೇಳಿದ.

"ಅವ್ವ, ಅಜ್ಜಿ ಓದ್ರು."

"ಯಾವಾಗ್ಲಾ?"

"ನಿಂಗೆ ಎಚ್ರ ಆದ ದಿನ."

"ಎಲ್ಲಿ?"

"ಶೆಡ್ಡಲ್ಲಿ. ನಾನಾಗ್ ಕರ್ಕೊಂಡೋಗ್ಲಿಲ್ಲ ಕಣವ್ವ, ನೀನ್ ಆಸ್ಪತ್ರೆ ಸೇರಿದ ದಿನ್ವೆ ಅಜ್ಜೀನೇ ಕೇಳ್ತು. ನನ್ನ ಅಲ್ಲಿಗೆ ಬುಟ್ಬುಡು ಮಗ, ನಿಮ್ಮವ್ವ ಬದುಕ್ಲಿ ಅಂತ ಕೈ ಮುಗೀತು. ನಾನು... ನಂಗೆ ಬ್ಯಾಡ ಅನ್ನಾಕಾಗ್ಲಿಲ್ಲ."

"ಬುತ್ತಿ ಯಾರ್ ಒಯ್ತಿದ್ರು?"

"ಚಿಕ್ಕಪ್ಪ. ಡಬ್ಬಿ ದಿನಾ ಖಾಲಿ ಆಯ್ತಿತ್ತು ಅಂದ್ರು."

ಸೋಮಮ್ಮ ಹೊಲಿಗೆ ಹಾಕಿದ ಎದೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು. ಜೋರಾಗಿ ಅಳಬಾರದೆಂದು ಡಾಕ್ಟರು ಹೇಳಿದ್ದರು.

ಊರಿನವರೆಲ್ಲ ನೋಡಲು ಬಂದರು. ಈಗ ಎಲ್ಲರಿಗೂ ಬೆಟ್ಟಮ್ಮ ದೇವರಾಗಿದ್ದಳು. "ನಿಂಗೆ ಆಯಸ್ಸು ಕೊಟ್ಟು ಓಯ್ತು ಅತ್ಗೆ ದೊಡ್ಡ ಜೀವ" ಎಂದು ಚಿಕ್ಕಸ್ವಾಮಿ ನಿಜವಾಗಿ ಕಣ್ಣೊರೆಸಿಕೊಂಡ. "ಕೊಡ್ಲಿಲ್ಲ ಕಣಪ್ಪ, ಉಪಾಸ ಬಿದ್ದು ಸತ್ತವ್ಳೆ" ಎಂದಳು ಸೋಮಮ್ಮ. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುದುಕಿ ಹೋದಳು, ಸೊಸೆ ಎದ್ದಳು. ಅವರಿಗೆ ಅಷ್ಟು ಸಾಕಾಗಿತ್ತು.

ಮಾಗಿಯ ಚಳಿಗೆ ಮಗುವಿಗೆ ಜ್ವರ ಬಂತು. ಔಷಧಿ ಕುಡಿಸಿದರೂ ಇಳಿಯದೆ, ದಿವ್ಯ ಮಗುವನ್ನು ಎದೆಗವಚಿಕೊಂಡು ನಡುಮನೆಯಲ್ಲಿ ತಿರುಗುತ್ತಿದ್ದಳು. ಸೋಮಮ್ಮ ಗೋಡೆಗೊರಗಿ ಊಟಕ್ಕೆ ಕೂತಿದ್ದಳು. ಆಪರೇಷನ್ ಆದ ಮೇಲೆ ಅವಳ ಮೈಗೆ ಬಲ ಬಂದಿತ್ತು, ಹಸಿವು ಚೆನ್ನಾಗಿತ್ತು, ಮುಖ ತುಂಬಿಕೊಂಡಿತ್ತು. ಅನ್ನದ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡಾಗ ದಿವ್ಯಳ ತಿರುಗಾಟ ನಿಂತಿತು.

ಸೋಮಮ್ಮ ತಲೆ ಎತ್ತಿದಳು. ಸೊಸೆ ಅವಳನ್ನೇ ನೋಡುತ್ತಿದ್ದಳು. ಕಣ್ಣು ಕೂಡಿದ ಕೂಡಲೇ ದಿವ್ಯ ಮಗುವಿನ ತಲೆಯ ಮೇಲೆ ಸೆರಗು ಎಳೆದು, ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.