ಫ್ಯಾನು ನಿಂತ ವಿಮಾನ

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ ಅವರನ್ನು ಬೀದಿಯವರೆಲ್ಲ ಎಕ್ಸ್‌ರೇ ಮಾಮ ಎನ್ನುತ್ತಿದ್ದರು. ವಾರವಿಡೀ ಮುರಿದ ಮೂಳೆ ನೋಡಿದ ಕಣ್ಣಿಗೆ ಭಾನುವಾರವಾದರೂ ಮುರಿಯದ್ದೇನಾದರೂ ಕಾಣಲೆಂದು, ಮಾಮ ಕ್ಯಾಮೆರಾ ಹೆಗಲಿಗೇರಿಸಿ ಊರಾಚೆಯ ಪುಟ್ಟ ವಿಮಾನ ನಿಲ್ದಾಣಕ್ಕೆ ಸೈಕಲ್ ತುಳಿಯುತ್ತಿದ್ದರು. ಅಲ್ಲಿ ಹಾರುತ್ತಿದ್ದುದು ಮೂಗಿನ ಮೇಲೊಂದೇ ಪ್ರೊಪೆಲ್ಲರ್ ಇದ್ದ ಸಣ್ಣ ವಿಮಾನಗಳು. ತುದಿಗೆ ಹೋಗುತ್ತ ಮೈ ತಿರುಚಿಕೊಳ್ಳುವ ಪ್ರೊಪೆಲ್ಲರಿನ ಅಲಗು, ರೆಕ್ಕೆಗೆ ಆನಿಸಿದ ಓರೆಗಂಬ, ಚಕ್ರಕ್ಕೆ ತೊಡಿಸಿದ ನೀರಹನಿಯಂಥ ಕವಚ, ಎಲ್ಲವನ್ನೂ ಮಾಮ ಮನಸಾರೆ ಸೆರೆಹಿಡಿಯುತ್ತಿದ್ದರು.

“ಮಗಳ ಮದುವೆ ಫೋಟೊದಲ್ಲಿ ಅಳಿಯನ ಮುಖಾನೇ ಸರಿಯಾಗಿ ಬಂದಿಲ್ಲ. ಇಲ್ಲಿ ತಗಡಿನ ರಿವೆಟ್ಟು ಮೊಳೆ ಒಂದೊಂದೂ ಎಣಿಸಬಹುದು,” ಎಂದರು ಹೆಂಡತಿ, ವಿಮಾನದ ಚಿತ್ರಗಳನ್ನು ನೋಡಿ.

“ಅಳಿಯ ಅಲುಗಾಡ್ತಾನೆ ಕಣೇ,” ಎಂದರು ಮಾಮ.

ಒಮ್ಮೆ ಹಾರುವ ವಿಮಾನದ್ದೊಂದು ಅಚ್ಚುಕಟ್ಟಾದ ಚಿತ್ರ ಸಿಕ್ಕಿತು. ಕಟ್ಟು ಹಾಕಿಸಿ, ಅದನ್ನು ಹಾರಿಸಿದ್ದ ಪೈಲಟ್ಟಿಗೆ ಉಡುಗೊರೆ ಕೊಟ್ಟರು. ಮೂರನೆಯ ದಿನ ಪೈಲಟ್ಟು ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಹಾಜರು.

“ಯಾವ ಮೂಳೆ?”

“ಮೂಳೆ ಅಲ್ಲ ಸಾರ್, ನಮ್ಮಮ್ಮ. ನಿಮ್ಮ ಫೋಟೊ ನೋಡಿ, ಆಕಾಶದಲ್ಲೇ ಫ್ಯಾನು ನಿಂತೋಗಿದೆ, ನನ್ನತ್ರ ಮುಚ್ಚಿಟ್ಟಿದೀಯ ಅಂತ ಕೂತಿದಾರೆ. ಹಾರೋಕೇ ಬಿಡ್ತಿಲ್ಲ.”

ಮಾಮ ಅವರ ಮನೆಗೇ ಹೋಗಿ, ಕ್ಯಾಮೆರಾ ಕಣ್ಣು ಮಿಂಚಿನಂತೆ ಮುಚ್ಚಿದರೆ ತಿರುಗುವುದೂ ನಿಂತಂತೆ ಕಾಣುತ್ತದೆಂದು ವಿವರಿಸಿದರು. ತಾಯಿ ತಾಳ್ಮೆಯಿಂದ ಕೇಳಿಸಿಕೊಂಡರು.

“ಎಕ್ಸ್‌ರೇ ತೆಗೆಯೋರು ನೀವು. ಫೋಟೊದಲ್ಲಿ ಕಂಡಿದ್ದು ಸುಳ್ಳು ಅಂತ ನೀವೇ ಹೇಳಿದ್ರೆ ಹೇಗೆ?”

ಮುಂದಿನ ಭಾನುವಾರ ಅದೇ ವಿಮಾನವನ್ನು ಬೇರೊಬ್ಬರು ಹಾರಿಸುತ್ತಿದ್ದಾಗ, ಮಾಮ ಕ್ಯಾಮೆರಾ ಕಣ್ಣನ್ನು ನಿಧಾನಕ್ಕೆ ಮುಚ್ಚುವಂತೆ ಮಾಡಿ ಇನ್ನೊಂದು ಚಿತ್ರ ತೆಗೆದರು. ಅಲಗು ಮಂಜಿನಂತೆ ಹರಡಿಕೊಂಡಿತು. ಅದನ್ನು ಒಯ್ದು ಕೊಟ್ಟಾಗ ತಾಯಿ ಕನ್ನಡಕ ಏರಿಸಿ ನೋಡಿದರು.

“ಆವತ್ತು ನಿಂತಿತ್ತು. ಈಗ ಬಿದ್ದೇ ಹೋಗಿದೆ.”

ಕೊನೆಗೆ, ಮಗ ವಿಮಾನ ಹತ್ತಬಾರದೆಂಬ ಕರಾರಿನ ಮೇಲೆ ಅವರು ನಿಲ್ದಾಣಕ್ಕೆ ಬರಲು ಒಪ್ಪಿದರು. ಬೇರೊಬ್ಬ ಪೈಲಟ್ಟು ಎಂಜಿನ್ ಚಾಲೂ ಮಾಡಿದ. ವಿಮಾನ ಏರಿ, ಒಂದು ಸುತ್ತು ಹಾಕಿ ಇಳಿಯುವವರೆಗೂ ತಾಯಿ ಕತ್ತು ಎತ್ತಿಕೊಂಡೇ ನಿಂತಿದ್ದರು.

“ತಿರುಗುತ್ತೆ,” ಎಂದು ಒಪ್ಪಿಕೊಂಡರು. ಆಮೇಲೆ ವಿಮಾನದ ಹತ್ತಿರ ಹೋಗಿ ಬಗ್ಗಿದರು. “ಚಕ್ರಕ್ಕೆ ಯಾಕೆ ಈ ಮುಚ್ಚಳ, ಕೆಸರು ಹಾರದೇ ಇರ್ಲಿ ಅಂತಲಾ?”

“ಗಾಳಿ ನುಣ್ಣಗೆ ಜಾರಲಿ ಅಂತ,” ಎಂದರು ಮಾಮ. ಹುಟ್ಟಿದಾರಭ್ಯ ಈ ಪ್ರಶ್ನೆಗೇ ಕಾದಿದ್ದವರಂತೆ ಬಾಲದಿಂದ ಮೂಗಿನವರೆಗೆ ತೋರಿಸುತ್ತ ಹೋದರು. ಗಂಟೆ ಕಳೆಯಿತು. ಮಗ ಹಸಿವಿನಿಂದ ಸೊರಗಿ, “ಅಮ್ಮ, ಹೋಗೋಣ,” ಎಂದ.

“ಇರೋ. ಇಷ್ಟು ವರ್ಷ ಓಡಿಸಿದೀಯ, ಒಂದು ದಿನಾನಾದ್ರೂ ಇದನ್ನೆಲ್ಲ ಹೇಳಿದೀಯಾ?” ಎಂದು ತಾಯಿ ಮಾಮನ ಹಿಂದೆ ಇನ್ನೊಂದು ರೆಕ್ಕೆಯತ್ತ ನಡೆದರು.